ಕಣ್ಣಿಗಷ್ಟೇ ಕೆತ್ತಿದ ಟೈರು

ಗ್ರಿಂಗ್ಸಿಂಗ್, ಬಾತಾಂಗ್ ಜಿಲ್ಲೆ
೮ ಮಾರ್ಚ್ ೧೯೯೪, ಮಂಗಳವಾರ, ಉಪವಾಸದ ತಿಂಗಳು

ಪ್ರೀತಿಯ ಮಗಳೇ ರುಮಿಯಾತಿ,

ನಿನಗೂ ಅಳಿಯ ತಸ್ರಿಪನಿಗೂ ಸಲಾಮು. ನನ್ನ ಮೊಮ್ಮಗ ಗಲಿಹ್‌ನ ಎರಡೂ ಕೆನ್ನೆಗೆ ಒಂದೊಂದು ಮುತ್ತು, ಹಲ್ಲು ಮೂಡಿದ್ದರೆ ಇನ್ನೊಂದು. ಎಲ್ಲರೂ ಆರೋಗ್ಯವೇ? ಮಗುವಿನ ಕೆಮ್ಮು ನಿಂತಿತೇ? ನಿನ್ನ ಹೋದ ಕಾಗದದಲ್ಲಿದ್ದ ಆ ಕೆಮ್ಮಿನ ಸಾಲನ್ನು ಎಷ್ಟು ಸಲ ಓದಿಕೊಂಡೆನೋ ಲೆಕ್ಕವಿಲ್ಲ. ಸಣ್ಣ ಈರುಳ್ಳಿ ಜಜ್ಜಿ ತೆಂಗಿನೆಣ್ಣೆಯಲ್ಲಿ ಕಲಸಿ ಎದೆಗೂ ಅಂಗಾಲಿಗೂ ತಿಕ್ಕು. ಜಕಾರ್ತದ ಡಾಕ್ಟರು ನಕ್ಕರೆ ನಗಲಿ, ನೀನು ಬದುಕಿ ಬೆಳೆದದ್ದು ಅದರಲ್ಲೇ. ನೀನು ಉಪವಾಸ ಹಿಡಿದಿದ್ದೀಯೆಂದು ತಿಳಿದು ಸಿಟ್ಟು ಬಂತು. ಹಾಲೂಡಿಸುವ ತಾಯಿ ಉಪವಾಸ ಬಿಟ್ಟು ಆಮೇಲೆ ತೀರಿಸಬಹುದೆಂದು ನಮ್ಮ ಮಸೀದಿಯ ಗುರುಗಳೇ ಹೇಳುತ್ತಾರೆ. ನಿನ್ನ ಅತ್ತೆ ಏನೇ ಅನ್ನಲಿ, ದೇವರು ಆಕೆಗಿಂತ ಕರುಣಾಳು. ಇದನ್ನು ತಸ್ರಿಪನಿಗೆ ಓದಿ ಹೇಳಬೇಡ.

ಇಲ್ಲಿ ನಾವಿಬ್ಬರೂ ಉಸಿರಾಡಿಕೊಂಡಿದ್ದೇವೆ. ನಿಮ್ಮಪ್ಪನ ಮಂಡಿ ಮಳೆ ಬಂದಾಗಲೆಲ್ಲ ಮುನಿಸಿಕೊಳ್ಳುತ್ತದೆ, ಮಳೆಯೋ ದಿನವೂ ಬರುತ್ತಿದೆ. ಈಗಲೂ ಅಂಗಡಿಯ ಬೆಂಚಿನ ಮೇಲೆ ಒರಗಿಕೊಂಡು ಕಣ್ಣು ಮುಚ್ಚಿದ್ದಾರೆ. ನಿದ್ದೆಯಲ್ಲ, ನಾನು ಏನು ಬರೆಯುತ್ತಿದ್ದೇನೆಂದು ಕಿವಿಯಲ್ಲೇ ತಿಳಿದುಕೊಳ್ಳುವ ಪ್ರಯತ್ನ. ಕಾಗದದ ಮೇಲೆ ಕಪ್ಪು ಹೆಬ್ಬೆಟ್ಟಿನ ಗುರುತು ಕಂಡರೆ ಬೈಯಬೇಡ. ಬೆಳಗಿನಿಂದ ಟೈರಿಗೆ ಮಸಿ ಬಳಿದ ಕೈ, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ.

ಹಬ್ಬದ ಮುಂಚಿನ ತಿಂಗಳು ನಮಗೆ ಸುಗ್ಗಿಯೆಂದು ನಿನಗೆ ಗೊತ್ತೇ ಇದೆ. ಊರಿಗೆ ಊರೇ ಗೋಡೆಗೆ ಸುಣ್ಣ, ಬೇಲಿಗೆ ಬಣ್ಣ ಎಂದು ಏಳುವಾಗ ಲಾರಿಯವರಿಗೂ ಆಸೆಯಾಗುತ್ತದೆ. ಹೊಸ ಟೈರು ಕೊಳ್ಳುವ ತಾಕತ್ತು ಯಾರಿಗಿದೆ? ಎಲ್ಲರೂ ನಿಮ್ಮಪ್ಪನ ಹತ್ತಿರವೇ ಬರುತ್ತಾರೆ. ಸವೆದು ಬೋಳಾದ ಟೈರನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಕೊಕ್ಕೆಯಂತೆ ಬಾಗಿದ ಚಾಕುವನ್ನು ಕಾಯಿಸಿ, ಸಾಬೂನಿನ ನೀರಿಗೆ ಅದ್ದಿ ಅದ್ದಿ ಹೊಸ ಗೀರುಗಳನ್ನು ಕೆತ್ತುವುದು ಅವರ ಕೆಲಸ. ಬಟ್ಟೆಗೆ ಬಾಟಿಕ್ ಚಿತ್ತಾರ ಬರೆದ ಹಾಗೆ ಟೈರಿಗೆ ಬರೆಯುತ್ತಾರೆಂದು ಊರವರು ಹೇಳುವುದು ಸುಳ್ಳಲ್ಲ. ಮಿಕ್ಕದ್ದೆಲ್ಲ ನನ್ನದು. ರಿಮ್ಮಿನ ತುಕ್ಕನ್ನು ಇಟ್ಟಿಗೆ ಚೂರಿನಿಂದ ತಿಕ್ಕಿ ಬೆಳ್ಳಿ ಬಣ್ಣ, ನಟ್ಟುಗಳ ಸುತ್ತ ಒಂದು ಕೆಂಪು ಬಳೆ, ಟೈರಿನ ಪಕ್ಕದ ಅಕ್ಷರಗಳಿಗೆ ಬಿಳಿ, ಕೊನೆಗೆ ತೆಂಗಿನ ಚಿಪ್ಪು ಸುಟ್ಟ ಮಸಿ, ಸಾಬೂನು, ತಾಳೆಬೆಲ್ಲ ಹಾಕಿ ಕುದಿಸಿದ ಕಪ್ಪು ಪಾಕ. ಬೆಲ್ಲ ಕುದಿಯುವ ವಾಸನೆಗೆ ಉಪವಾಸದವರ ಬಾಯಲ್ಲಿ ನೀರು, ಮಧ್ಯಾಹ್ನದ ಹೊತ್ತಿಗೆ ಟೈರಿನ ತುಂಬ ಇರುವೆ. ಪುಡಿಗಾಸಿನ ಖರ್ಚಿನಲ್ಲಿ ಮುದುಕ ಲಾರಿ ಮದುಮಗನಾಗುತ್ತದೆ. ಆದರೆ ಒಂದು ನಿಯಮವನ್ನು ನಿಮ್ಮಪ್ಪ ಎಂದೂ ಮೀರಿದವರಲ್ಲ. ಟೈರಿನಲ್ಲಿ ಇನ್ನೂ ದಪ್ಪ ಉಳಿದಿದ್ದರೆ ಮಾತ್ರ ದಾರಿಗೆಂದು ಕೆತ್ತುತ್ತಾರೆ. ದಪ್ಪವೇ ಇಲ್ಲದ ಟೈರಿಗೆ ಕೆತ್ತಿದರೆ ಅದು ಅಂಗಳದಲ್ಲಿ ನಿಲ್ಲಿಸುವುದಕ್ಕೆ ಮಾತ್ರ.

ಈಗ ಸರ್ಕವಿಯ ವಿಷಯ. ನಿನ್ನ ಜೊತೆ ಶಾಲೆಗೆ ಬರುತ್ತಿದ್ದನಲ್ಲ, ಮಸೀದಿಯ ಹಿಂದಿನ ಮನೆಯ ಸರ್ಕವಿ, ಅವನೇ. ಒಳ್ಳೆಯ ಹುಡುಗ, ಕೈ ಧಾರಾಳ, ತಲೆ ಸ್ವಲ್ಪ ಗಾಳಿ. ಅವನದೊಂದು ಹಳೆಯ ಲಾರಿ ಇದೆ. ಅದನ್ನು ಇಟ್ಟಿಗೆ ಗೂಡಿನ ಹಾಜಿ ಮಸ್ಕುರರಿಗೆ ಮಾರುವ ಮಾತಾಗಿತ್ತು, ಮಣ್ಣಿನ ಗುಂಡಿಯಿಂದ ಗೂಡಿನವರೆಗೆ ಮಣ್ಣು ಹೊರುವುದಕ್ಕೆ. ನಡೆದು ಹೋಗುವವನೂ ಅದನ್ನು ಹಿಂದೆ ಹಾಕಬಹುದು, ಅಷ್ಟು ನಿಧಾನದ ಓಡಾಟ. ಹಾಜಿಯವರು ಲಾರಿಯನ್ನು ಇದ್ದ ಹಾಗೆಯೇ ನೋಡಿದ್ದರು, ಎಲ್ಲ ತಿಳಿದೇ ಒಪ್ಪಿದ್ದರು. ಹಬ್ಬಕ್ಕೆ ಬರುವ ಬೀಗರ ಎದುರು ಅಂಗಳದಲ್ಲಿ ಅದು ಅಸಹ್ಯವಾಗಿ ಕಾಣಬಾರದು, ಅಷ್ಟೇ ಅವರ ಬೇಡಿಕೆ. ಹಾಗಾಗಿ ನಿಮ್ಮಪ್ಪ ಕಣ್ಣಿಗೆಂದೇ ಕೆತ್ತಿದರು, ಆಳವಾಗಿ ಕೆತ್ತಿದರು. ಎರಡು ಮೂರು ಕಡೆ ಒಳಗಿನ ನೂಲು ಬೆಳ್ಳಗೆ ಕಂಡಿತು. ಅಲ್ಲಿ ನಾನು ಹವಾಯಿ ಚಪ್ಪಲಿಯ ಅಟ್ಟೆ ಕರಗಿಸಿ ಮೆತ್ತಿದೆ. ಮುಂದಿನ ಎಡಗಾಲಿಯ ರಿಮ್ಮಿನಲ್ಲಿ ನಟ್ಟಿನ ತೂತಿನಿಂದ ಹೊರಟ ಒಂದು ಬಿರುಕಿತ್ತು, ಕಿರುಬೆರಳಿನಷ್ಟು ಉದ್ದ. ಅದಕ್ಕೂ ಸಂದಿ ಮುಚ್ಚುವ ಲಪ್ಪ ತುಂಬಿ ಬೆಳ್ಳಿ ಬಳಿದೆ. ಮುಗಿದಾಗ, ನಾನೇ ಹೇಳಿಕೊಳ್ಳಬಾರದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಅದಕ್ಕೆ ನಾಲ್ಕು ಚಕ್ರ ಹಚ್ಚಿ ನಿಲ್ಲಿಸಿದ ಹಾಗೆ.

ಅಷ್ಟರಲ್ಲಿ ಹಾಜಿಯವರಿಗೆ ಯಾರೋ ನೆಂಟರ ಲಾರಿ ಸಿಕ್ಕಿತು, ಇದು ಬೇಡವಾಯಿತು. ಸರ್ಕವಿ ತನ್ನ ಲಾರಿಯನ್ನು ವಾಪಸು ಒಯ್ಯಲು ಬಂದ. ಬಂದವನು ಸುತ್ತಲೂ ನಡೆದ, ಬಗ್ಗಿ ನೋಡಿದ, ಟೈರನ್ನು ದನದ ಬೆನ್ನು ಸವರಿದ ಹಾಗೆ ಸವರಿದ. "ದೊಡ್ಡಪ್ಪಾ, ಇದು ನನ್ನ ಲಾರೀನಾ? ಇದನ್ನ ಮಾರೋಕೆ ಹೊರಟಿದ್ನಲ್ಲ, ನನಗೆ ಬುದ್ಧಿ ಇಲ್ವಾ!" ಎಂದ. ಬೋಳು ಟೈರನ್ನೂ ಬಿರುಕನ್ನೂ ತಾನೇ ಕಣ್ಣಾರೆ ನೋಡಿದವನು, ಮಗಳೇ. ತನ್ನ ಕೈಯಿಂದಲೇ ಬಿರುಕು ತೋರಿಸಿ, "ಇದನ್ನ ಮುಚ್ಚಿಬಿಡಿ ದೊಡ್ಡಮ್ಮ" ಎಂದು ನನಗೆ ಹೇಳಿದವನು. ಬಣ್ಣ ಒಣಗುವಷ್ಟರಲ್ಲಿ ಅದೆಲ್ಲ ಅವನ ತಲೆಯಿಂದಲೂ ಅಳಿಸಿಹೋಗಿತ್ತು. ಅದೇ ದಿನ ಸಂಜೆಯ ನಮಾಜಿನ ನಂತರ ಮಸೀದಿಯಲ್ಲಿ ಎದ್ದು ನಿಂತು, ಜಕಾರ್ತದಲ್ಲಿರುವ ನಮ್ಮೂರಿನ ಎಲ್ಲರನ್ನೂ ಹಬ್ಬಕ್ಕೆ ತನ್ನ ಲಾರಿಯಲ್ಲಿ ಪುಕ್ಕಟೆಯಾಗಿ ಕರೆತರುತ್ತೇನೆಂದು ಘೋಷಿಸಿದ. ಹೆಂಗಸರ ಪರದೆಯ ಹಿಂದೆ ಕುಳಿತಿದ್ದ ನನ್ನ ಮೊಣಕೈಯನ್ನು ಪಕ್ಕದವಳು ತಿವಿದು, "ನಿಮ್ಮ ರುಮಿಯಾತಿಗೂ ಈ ಸಲ ಬಸ್ಸಿನ ನೂಕುನುಗ್ಗಲು ತಪ್ಪಿತು ನೋಡಿ" ಎಂದಳು. ನಾನು ತಲೆಯಾಡಿಸಿದೆ.

ಮರುದಿನ ನಿಮ್ಮಪ್ಪ ಅವನಿಗೆ ಹೇಳಿದರು. ಹೇಳಲಿಲ್ಲವೆಂದು ನಾನು ಅನ್ನಲಾರೆ. ಅಂಗಡಿಯ ಮುಂದೆ ನಾಲ್ಕು ಜನ ಇದ್ದರು. ನಿಮ್ಮಪ್ಪ ತಮ್ಮ ಎಂದಿನ ಮೆಲ್ಲನೆಯ ದನಿಯಲ್ಲಿ, "ಇದು ಕಣ್ಣಿಗಷ್ಟೇ ಕಣಪ್ಪಾ, ದಾರಿಗಲ್ಲ. ಒರಟು ಕೆಲಸ. ಜಕಾರ್ತಕ್ಕೆಲ್ಲ ಆಗೋದಲ್ಲ" ಎಂದರು. ಸರ್ಕವಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ದೊಡ್ಡಪ್ಪ ಯಾವತ್ತು ತಮ್ಮ ಕೆಲಸಾನ ಚೆನ್ನಾಗಿದೆ ಅಂದಿದ್ದಾರೆ ಹೇಳಿ! ಸಾಹೇಬರ ಜೀಪಿಗೆ ಕೆತ್ತಿದಾಗ್ಲೂ ಒರಟು ಕೆಲಸ ಅಂದೋರು!" ನಾಲ್ಕು ಜನವೂ ನಕ್ಕರು. ನಿಮ್ಮಪ್ಪನೂ ನಕ್ಕರು. ಅಲ್ಲೇ ಕೆಟ್ಟಿತು.

ಯಾರನ್ನು ಬೈಯಲಿ ಹೇಳು. ಹೊಗಳಿದರೆ ತನ್ನನ್ನು ತಾನೇ ಹಳಿದುಕೊಳ್ಳುವುದೇ ನಮ್ಮಲ್ಲಿ ಮರ್ಯಾದೆ. ನನ್ನ ಅಡುಗೆ ಚೆನ್ನಾಗಿದೆಯೆಂದರೆ ಉಪ್ಪು ಹೆಚ್ಚಾಗಿದೆ ಎನ್ನುತ್ತೇನೆ, ನಿನ್ನನ್ನು ಚೆಲುವೆಯೆಂದರೆ ಮೂಗು ಮೊಂಡು ಎನ್ನುತ್ತೇನೆ, ಕೇಳಿದವರು ಅದನ್ನು ತಿರುಗಿಸಿ ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮಪ್ಪ ಈ ವಿದ್ಯೆಯಲ್ಲಿ ಊರಿಗೇ ಹಿರಿಯರು. ಜೀವಮಾನವಿಡೀ ಒಳ್ಳೆಯ ಕೆಲಸವನ್ನು ಕೆಟ್ಟದ್ದು ಕೆಟ್ಟದ್ದೆಂದವರು ಒಂದು ದಿನ ನಿಜವಾಗಿ ಕೆಟ್ಟದ್ದನ್ನು ಕೆಟ್ಟದ್ದೆಂದರೆ ಯಾರು ನಂಬುತ್ತಾರೆ? ಇನ್ನೊಂದು ಸಲ ಹೇಳಿ, ಗಟ್ಟಿಯಾಗಿ ಹೇಳಿ, ಬಿರುಕಿನ ಮೇಲೆ ಬೆರಳಿಟ್ಟು ಹೇಳಿ ಎಂದು ನಾನು ಬಡಕೊಂಡೆ. "ಒಂದ್ಸಲ ಹೇಳಿದೀನಿ. ಮಸೀದೀಲಿ ಮಾತು ಕೊಟ್ಟಿದ್ದಾನೆ ಅವನು. ಈಗ ಹೇಳಿದ್ರೆ ಮುಖ ಎಲ್ಲಿಟ್ಕೊಳ್ತಾನೆ?" ಎನ್ನುತ್ತಾರೆ. ಮುಖ ಇಟ್ಟುಕೊಳ್ಳೋಕೆ ಮೊದಲು ತಲೆ ಇರಬೇಕಲ್ಲ ಎಂದೆ. ಅದಕ್ಕೆ ಅವರು ಎದ್ದು ಚಾಕು ಮಸೆಯಲು ಕುಳಿತರು. ಮದುವೆಯಾದಂದಿನಿಂದ ನನ್ನ ಮಾತಿಗೆ ಉತ್ತರವಿಲ್ಲದಾಗಲೆಲ್ಲ ಅವರ ಚಾಕು ಮೊಂಡಾಗಿರುತ್ತದೆ.

ಹೋದ ಶನಿವಾರ ಸರ್ಕವಿ ಲಾರಿಯನ್ನು ಪರೀಕ್ಷೆಗೆಂದು ವೆಲೆರಿ ಸಂತೆಗೆ ಒಯ್ದ. ಕೂಗಳತೆಯ ದೂರ, ನೆಟ್ಟಗಿನ ರಸ್ತೆ. ವಾಪಸು ಬಂದಾಗ ಹಿಂದಿನ ಟೈರಿನಲ್ಲಿ ನಾನು ಮೆತ್ತಿದ್ದ ಜಾಗ ಕಿತ್ತುಬಂದು ನೂಲು ಗಡ್ಡದ ಹಾಗೆ ಇಳಿಬಿದ್ದಿತ್ತು. ಈಗಲಾದರೂ ಅವನಿಗೆ ತಿಳಿಯಿತೆಂದು ನನ್ನ ಮನಸ್ಸು ಹಗುರಾಯಿತು. ಅವನು ಕತ್ತರಿ ಕೇಳಿ ಇಸಿದುಕೊಂಡು ನೂಲನ್ನು ನೀಟಾಗಿ ಕತ್ತರಿಸಿ, "ದೊಡ್ಡಮ್ಮ, ಇಲ್ಲಿ ಸ್ವಲ್ಪ ಕಪ್ಪು ಹಚ್ಚಿಬಿಡಿ, ಬೆಳ್ಳಗೆ ಕಾಣ್ತಿದೆ" ಎಂದ. ಹಚ್ಚುವುದಿಲ್ಲವೆಂದು ನಾನು ಅನ್ನಲಿಲ್ಲ, ಮಸಿ ಮುಗಿದಿದೆ ಎಂದೆ. ಅವನು ಬೇಸರಪಡದೆ ಮನೆಯಿಂದ ಬೂಟ್ ಪಾಲಿಶ್ ತಂದು ತಾನೇ ಹಚ್ಚಿಕೊಂಡ. ಎಡಗಾಲಿಯ ರಿಮ್ಮಿನ ಬೆಳ್ಳಿ ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಎದ್ದಿತ್ತು. ತುಕ್ಕಿನ ನೀರು ಒಳಗಿನಿಂದ ಒಸರಿದಾಗ ಹಾಗಾಗುತ್ತದೆ. ಸೆರಗಿನಲ್ಲಿ ಒರೆಸಿದೆ, ಹೋಯಿತು. ಭಾನುವಾರ ಅವನ ಮನೆಯ ಮುಂದೆ ಹಾದುಹೋಗುವಾಗ ನೋಡಿದೆ, ಮತ್ತೆ ಇತ್ತು. ನಿನ್ನೆ ನೋಡಿದೆ. ಈಗ ಅದು ಕಿರುಬೆರಳಿನಷ್ಟಲ್ಲ, ನಡುಬೆರಳಿನಷ್ಟು.

ಗಂಡಸರಿಂದ ಆಗದ್ದನ್ನು ಹೆಂಗಸರ ದಾರಿಯಲ್ಲಿ ಮಾಡೋಣವೆಂದು ನಿನ್ನೆಯೇ ಒಂದು ಬಟ್ಟಲು ಬಾಳೆಹಣ್ಣಿನ ಪಾಯಸ ತೆಗೆದುಕೊಂಡು ಸರ್ಕವಿಯ ಹೆಂಡತಿ ಕುಸ್ತಿಯಾಳ ಮನೆಗೆ ಹೋದೆ. ಮಳೆಯ ಮಾತಾಡಿದೆ, ರಸ್ತೆಯ ಮಾತಾಡಿದೆ, ರೋಬಾನ್ ಕಾಡಿನ ಇಳಿಜಾರು ಈ ಸಲ ಎಷ್ಟು ಜಾರುತ್ತದೆಂದೆ, ನಮ್ಮ ಗಲಿಹ್ ಇನ್ನೂ ಸಣ್ಣ ಮಗು, ಹಳೆಯ ಲಾರಿಯ ಕುಲುಕಾಟ ಅವನಿಗೆ ಒಗ್ಗುತ್ತದೋ ಇಲ್ಲವೋ ಎಂದೆ. ಇದಕ್ಕಿಂತ ನೇರವಾಗಿ ನಾನು ಈ ಜನ್ಮದಲ್ಲಿ ಯಾರ ಮನೆಯಲ್ಲೂ ಮಾತಾಡಿಲ್ಲ. ಅವಳು ನನ್ನ ಕೈ ಹಿಡಿದುಕೊಂಡು, "ಅಯ್ಯೋ ದೊಡ್ಡಮ್ಮ, ಅಷ್ಟಕ್ಕೆ ಯಾಕೆ ಸಂಕೋಚ? ಬಾಯಿ ಬಿಟ್ಟು ಕೇಳಬಾರದಾ! ಹಿಂದೆ ಯಾಕೆ ಕೂರ್ತಾಳೆ ಅವಳು, ರುಮಿಯಾತಿಗೂ ಮಗೂಗೂ ಮುಂದಿನ ಸೀಟು" ಎಂದಳು. ಅಲ್ಲೇ ಗಂಡನನ್ನು ಕೂಗಿ ಗೊತ್ತು ಮಾಡಿಯೂಬಿಟ್ಟಳು. ಎಡಗಾಲಿಯ ನೆತ್ತಿಯ ಮೇಲಿನ ಸೀಟು, ಮಗಳೇ. ನಾನು ಉಪಕಾರವಾಯಿತು ಎಂದು ಹೇಳಿ, ಅವಳು ಕೊಟ್ಟ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಇಲ್ಲಿ ಕುಳಿತರೆ ಕಾಡಿನ ಇಳಿಜಾರಿನ ಸದ್ದು ಕೇಳುತ್ತದೆ. ನಿನಗೆ ನೆನಪಿರಬೇಕು, ತಿರುವಿನಲ್ಲಿ ಪ್ರತಿ ಲಾರಿಯೂ ಕಾಡಿನಲ್ಲಿರುವ ಕಣ್ಣಿಗೆ ಕಾಣದವರಿಗೆ ಗೌರವವೆಂದು ಹಾರ್ನ್ ಹೊಡೆಯುತ್ತದೆ, ಕೆಳಗಿನ ಸೇತುವೆ ದಾಟಿದ ಮೇಲೆ ಮತ್ತೊಮ್ಮೆ. ಮೊದಲ ಹಾರ್ನ್ ಕೇಳಿದರೆ ಎರಡನೆಯದು ಕೇಳುವವರೆಗೂ ಈಗ ನನ್ನ ಕೈ ಪೆನ್ನು ಹಿಡಿದು ನಿಲ್ಲುತ್ತದೆ. ಈ ಕಾಗದದಲ್ಲಿ ಅಲ್ಲಲ್ಲಿ ಶಾಯಿ ಮುದ್ದೆಯಾಗಿರುವುದು ಅದಕ್ಕೇ. ಬೆಳಗ್ಗೆ ಒಂದು ಲಾರಿಯ ಎರಡನೆಯ ಹಾರ್ನ್ ಬಹಳ ಹೊತ್ತು ಕೇಳಲಿಲ್ಲ. ಕೊನೆಗೆ ಅದು ಬಂತು, ಡ್ರೈವರು ಅಲ್ಲೆಲ್ಲೋ ನಿಲ್ಲಿಸಿ ಹಲಸು ಕೊಂಡಿದ್ದನಂತೆ.

ನಿಮ್ಮಪ್ಪ ಈಗ ಕಣ್ಣು ತೆರೆದರು. "ನಿಧಾನ ಹೋದ್ರೆ ಏನೂ ಆಗಲ್ಲ ಅಂತ ಬರಿ. ನೋಡಿಕೊಂಡು ಮಾಡ್ಲಿ ಅಂತ ಬರಿ" ಎನ್ನುತ್ತಿದ್ದಾರೆ. ಬರೆದಿದ್ದೇನೆ. ಸರ್ಕವಿ ಶುಕ್ರವಾರ ಇಲ್ಲಿಂದ ಹೊರಡುವವನು. ಸೀಟು ಇಕ್ಕಟ್ಟೆನಿಸಿದರೆ, ಮಗುವಿಗೆ ಹುಷಾರಿಲ್ಲದಿದ್ದರೆ, ರೈಲಿನಲ್ಲಿ ನಿಂತುಕೊಂಡಾದರೂ ಬರಬಹುದು. ನಿನಗೂ ಬುದ್ಧಿಯಿದೆ, ತಸ್ರಿಪನಿಗೂ ಇದೆ, ನೀವೇ ನೋಡಿ ತೀರ್ಮಾನಿಸಿ. ನಾನು ಇನ್ನೇನು ಹೇಳಲಿ.

ನಿನ್ನ ಅತ್ತೆಗೆ ನನ್ನ ಸಲಾಮು ತಿಳಿಸು. ನಿಮ್ಮ ಸಾಲುಮನೆಯಲ್ಲಿರುವ ನಮ್ಮೂರಿನ ಎಲ್ಲರಿಗೂ ನೆನಪು ಹೇಳು. ದೇವರು ನಿಮ್ಮ ಮೂವರ ಮೇಲೂ ಕೈಯಿಟ್ಟು ಕಾಯಲಿ, ದಾರಿಯಲ್ಲೂ ಬಾಗಿಲಲ್ಲೂ. ಮಗುವಿನ ಅಂಗಾಲು ಬೆಚ್ಚಗಿರಲಿ.

ನಿನ್ನ ತಾಯಿ,
ಪೊನಿರಾ

ಮರೆತದ್ದಲ್ಲ, ಬುಧವಾರ ಮಧ್ಯಾಹ್ನ ಬರೆದದ್ದು:

ರುಮಿಯಾತಿ, ನೀವೇ ನೋಡಿ ತೀರ್ಮಾನಿಸಿ ಎಂದು ಮೇಲೆ ಬರೆದ ಮಾತನ್ನು ಹೊಡೆದುಹಾಕು. ಅದು ನಿಮ್ಮಪ್ಪನ ಮಾತು, ನನ್ನದಲ್ಲ. ಸರ್ಕವಿ ಶುಕ್ರವಾರದವರೆಗೆ ಕಾಯಲಿಲ್ಲ. ಪೆಕಲೊಂಗನ್‌ನಲ್ಲಿ ತೆಂಗಿನಕಾಯಿಯ ಲೋಡು ಸಿಕ್ಕಿತೆಂದು ಈಗಷ್ಟೇ ಹೊರಟುಹೋದ. ಇವತ್ತು ಅಲ್ಲಿ ತಂಗಿ, ನಾಳೆ ಕಾಯಿ ತುಂಬಿಕೊಂಡು ಜಕಾರ್ತಕ್ಕೆ ಬರುತ್ತಾನೆ. ಹೊರಡುವಾಗ ನಿಮ್ಮಪ್ಪನನ್ನು ನೋಡಿ, "ದೊಡ್ಡಪ್ಪ, ನೀವೂ ಬನ್ನಿ, ಮಗಳನ್ನ ನೀವೇ ಕರ್ಕೊಂಡು ಬರೋರಂತೆ" ಎಂದ. ಆ ಮನುಷ್ಯನಿಗೆ ಇಲ್ಲ ಎನ್ನಲು ಬರುವುದಿಲ್ಲ. ಆಗಲಪ್ಪ ಎಂದರು. ಚಾಕು, ನನ್ನ ಮಸಿ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು, "ನಾನು ಪಕ್ಕದಲ್ಲಿ ಕೂತ್ರೆ ನಿಧಾನ ಹೊಡೀತಾನೆ ಕಣೇ" ಎಂದು ನನಗೆ ಸಮಾಧಾನ ಹೇಳಿ ಹತ್ತಿಬಿಟ್ಟರು. ನಾನು ಬೀದಿಯಲ್ಲಿ ನಿಂತು ಕೂಗಿದೆ, ಅವರು ಕೈ ಬೀಸಿದರು.

ಈ ಕಾಗದವನ್ನು ಸಂಜೆಯ ಬಸ್ಸಿನ ಕಂಡಕ್ಟರ್ ದಿರಾನನ ಕೈಗೆ ಕೊಡುತ್ತಿದ್ದೇನೆ. ಲಾರಿಗಿಂತ ಮೊದಲು, ನಾಳೆ ಬೆಳಗ್ಗೆಯೇ ನಿನಗೆ ತಲುಪುತ್ತದೆ. ಆಮೇಲೆ ಅವರು ಬರುತ್ತಾರೆ, ದೇವರಿದ್ದರೆ ಬಂದೇ ಬರುತ್ತಾರೆ. ಬಂದು ನಿನ್ನ ಬಾಗಿಲಲ್ಲಿ ನಿಂತು ನಗುತ್ತಾ ಬಾ ಮಗಳೇ ಎನ್ನುತ್ತಾರೆ ನಿಮ್ಮಪ್ಪ. ಹತ್ತಬೇಡ. ಇಲ್ಲ ಎನ್ನು. ಎಲ್ಲರ ಎದುರು, ನಿಮ್ಮಪ್ಪನ ಮುಖಕ್ಕೇ ಹೇಳು. ಅವರ ಕೈಯಿಂದ ಚೀಲ ಕಿತ್ತುಕೋ, ಮಗುವನ್ನು ಅವರ ತೊಡೆಯ ಮೇಲೆ ಹಾಕು, ಬೇಕಾದರೆ ಬೀಗ ಹಾಕಿಕೊಂಡು ಕೂರಿಸು. ಅವರೂ ಆ ಲಾರಿಯಲ್ಲಿ ವಾಪಸು ಬರಬಾರದು. ಈ ಕಾಗದವನ್ನು ಮುಚ್ಚಿಡಬೇಡ. ತಸ್ರಿಪ ಸಾಲುಮನೆಯವರನ್ನೆಲ್ಲ ಕರೆದು, ಅತ್ತೆಯ ಮಾತೊಂದು ಬಿಟ್ಟು, ಉಳಿದದ್ದನ್ನೆಲ್ಲ ಗಟ್ಟಿಯಾಗಿ ಓದಲಿ. ಸರ್ಕವಿಯೂ ನಿಂತು ಕೇಳಲಿ. ಬಿರುಕು ಎಲ್ಲಿದೆಯೆಂದು ಕೇಳಿದರೆ ಮುಂದಿನ ಎಡಗಾಲಿ, ಕೆಂಪು ಬಳೆಯ ಪಕ್ಕ, ಮೊಳೆಯಿಂದ ಬೆಳ್ಳಿ ಕೆರೆದು ನೋಡಲಿ.

ಪ್ರತಿ ವರ್ಷವೂ ನಾನು ತೊಂದರೆ ತಗೊಂಡು ಬರಬೇಡ ಎಂದೇ ಬರೆಯುತ್ತೇನೆ, ನೀನು ಅದನ್ನು ಬಾ ಎಂದೇ ಓದಿಕೊಳ್ಳುತ್ತೀಯ. ಹಬ್ಬದ ಬೆಳಗ್ಗೆ ಬಂದು ನನ್ನ ಮಂಡಿಗೆ ತಲೆಯಿಟ್ಟು ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುತ್ತೀಯ. ಈ ಸಲ ಇಲ್ಲಿಂದಲೇ ಕ್ಷಮಿಸಿದ್ದೇನೆ, ಅಪ್ಪನಿಗೆ ಎದುರು ಮಾತಾಡುವ ತಪ್ಪನ್ನೂ ಸೇರಿಸಿ. ರೈಲು ಸಿಕ್ಕರೆ ನಾಲ್ವರೂ ರೈಲಿನಲ್ಲಿ ಬನ್ನಿ. ಸಿಗದಿದ್ದರೆ ಹಬ್ಬದ ದಿನ ನಾನು ಒಬ್ಬಳೇ ಉಣ್ಣುತ್ತೇನೆ. ಇದು ಉಪಚಾರದ ಮಾತಲ್ಲ ಮಗಳೇ. ಬರಬೇಡ.